ಮೈಲೇಜ್ ಇಳಿದಿದೆಯಾ? ಸಿಂಥೆಟಿಕ್ ಆಯಿಲ್ ಹಾಕಿಸುವ ಮೊದಲು, ಹಾಕಿಸಿದ ಮೇಲೆ ನೋಡಬೇಕಾದ್ದು

ಮೈಲೇಜ್ ಇಳಿಯಿತು ಅಂದ ಕೂಡಲೇ ಗ್ಯಾರೇಜಿನಲ್ಲಿ ಸಿಗುವ ಸಲಹೆ ಒಂದೇ: "ಈ ಸಲ ಫುಲ್ ಸಿಂಥೆಟಿಕ್ ಹಾಕಿಸಿಬಿಡಿ." ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಇಂಜಿನ್ ಆಯಿಲ್. ಅದು ಕೆಟ್ಟ ಸಲಹೆ ಅಲ್ಲ. ಆದರೆ ಆಯಿಲ್‌ನಿಂದ ಎಷ್ಟು ಸಿಗುತ್ತದೆ ಅನ್ನೋದು ಮೊದಲೇ ಗೊತ್ತಿರಬೇಕು. ದಪ್ಪ ಆಯಿಲ್ ಬಿಟ್ಟು ಕಂಪನಿ ಹೇಳಿದ ಗ್ರೇಡ್‌ಗೆ (ಆಯಿಲಿನ ದಪ್ಪದ ಅಳತೆ) ಬಂದರೆ ಸಾಮಾನ್ಯವಾಗಿ 1ರಿಂದ 2% ಇಂಧನ ಉಳಿಯುತ್ತದೆ. 50 ಕೊಡುವ ಬೈಕ್ 51 ಕೊಡಬಹುದು, ಅಷ್ಟೇ. ನಿಮ್ಮ ಗಾಡಿ 50ರಿಂದ 40ಕ್ಕೆ ಇಳಿದಿದ್ದರೆ ಆಯಿಲ್ ಒಂದರಿಂದಲೇ ಅದು ಸರಿಹೋಗುವುದಿಲ್ಲ. ತೊಂದರೆ ಬೇರೆ ಕಡೆ ಇದೆ.

ಕೆಳಗೆ ಜನ ನಿಜವಾಗಿ ಹೇಳುವ ದೂರುಗಳನ್ನೇ ತೆಗೆದುಕೊಂಡಿದ್ದೇನೆ. ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದಾದ್ದು ಮೊದಲು, ಕೈಗೆ ಖರ್ಚು ತರುವಂಥದ್ದು ಆಮೇಲೆ.

"ಮೈಲೇಜ್ ಕಮ್ಮಿ ಆದ ಹಾಗಿದೆ, ಗ್ಯಾರಂಟಿ ಇಲ್ಲ"

ಮೊದಲು ಅಳೆಯಿರಿ. ಮೀಟರಿನಲ್ಲಿ ತೋರಿಸುವ ಅಂಕಿ ಅಂದಾಜು ಮಾತ್ರ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಹಾಗೇ ನಾಜಲ್ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಕನಿಷ್ಠ ಮೂರು ಟ್ಯಾಂಕಿನ ಸರಾಸರಿ ಬೇಕು. ನೂರು ರೂಪಾಯಿಗೆ ಹಾಕಿಸಿ "ಇಷ್ಟು ದೂರ ಹೋಯಿತು" ಅನ್ನುವ ಲೆಕ್ಕದಲ್ಲಿ 2% ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಮುಚ್ಚಳದವರೆಗೂ ಪೆಟ್ರೋಲ್ ತುಂಬಿಸಬೇಡಿ, ಬಿಸಿಲಿಗೆ ಉಕ್ಕಿ ಹೊರಗೆ ಬರುತ್ತದೆ.

"ಆಯಿಲ್ ಬದಲಿಸಿಲ್ಲ, ಆದರೂ ಮೈಲೇಜ್ ಬಿದ್ದುಹೋಗಿದೆ"

ಗಾಳಿಯಿಂದ ಶುರು ಮಾಡಿ. ಟೈರಿನ ಒತ್ತಡ 1 ಪಿಎಸ್‌ಐ ಇಳಿದರೆ ಸುಮಾರು 0.2% ಮೈಲೇಜ್ ಹೋಗುತ್ತದೆ. ಅಂದರೆ ನಾಲ್ಕೂ ಟೈರಿನಲ್ಲಿ 10 ಪಿಎಸ್‌ಐ ಕಡಿಮೆ ಇದ್ದರೆ 2%. ಒಳ್ಳೆಯ ಆಯಿಲ್ ತಂದುಕೊಡುವ ಲಾಭವೆಲ್ಲ ಅಲ್ಲಿಗೇ ಸರಿಹೋಯಿತು. ಬೆಳಗ್ಗೆ, ಟೈರ್ ತಣ್ಣಗಿರುವಾಗ ಚೆಕ್ ಮಾಡಿಸಿ.

ಆಮೇಲೆ ಬ್ರೇಕ್. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ಒಂದೆರಡು ಸುತ್ತು ತಿರುಗಬೇಕು. ತಕ್ಷಣ ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಚೈನ್ ವಿಪರೀತ ಬಿಗಿಯಾಗಿದೆ. ಕಾರಿನಲ್ಲಾದರೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರವೂ ಕೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಶಾಖ ಹೊಡೆದರೆ ಆ ಬ್ರೇಕ್ ಅಂಟಿಕೊಂಡಿದೆ. ಡಿಸ್ಕ್ ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ.

ಏರ್ ಫಿಲ್ಟರ್ ವಿಷಯದಲ್ಲಿ ಒಂದು ಮಾತು. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಚೆನ್ನಾಗಿಯೇ ಇಳಿಯುತ್ತದೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಮೊದಲು ಪೆಟ್ಟು ಬೀಳುವುದು ಪಿಕಪ್‌ಗೆ. ಹೇಗಿದ್ದರೂ ಧೂಳಿನ ರಸ್ತೆಯಲ್ಲಿ ಓಡಿಸುವವರು ಅದನ್ನು ತೆಗೆದು ನೋಡಲೇಬೇಕು.

ಕೊನೆಗೆ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಬಹುತೇಕ ಇ20, ಅಂದರೆ 20% ಎಥೆನಾಲ್ ಬೆರೆಸಿದ್ದು. ಎಥೆನಾಲ್‌ನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಾಗಾಗಿ ಇ10ರಿಂದ ಇ20ಕ್ಕೆ ಬಂದಾಗ ಲೀಟರಿನಲ್ಲಿ ಇರುವ ಶಕ್ತಿಯೇ 3-4% ಇಳಿದಿರುತ್ತದೆ. ಎರಡು ಮೂರು ವರ್ಷದ ಹಿಂದಿನ ಮೈಲೇಜ್ ನೆನಪಿಟ್ಟುಕೊಂಡು ಈಗಿನದಕ್ಕೆ ಹೋಲಿಸುವಾಗ ಇದನ್ನು ಕಳೆದು ನೋಡಿ. ಇದಕ್ಕಾಗಿ ಇಂಜಿನ್ ಬಿಚ್ಚಿಸಬೇಡಿ.

"ಆಯಿಲ್ ಚೇಂಜ್ ಆದ ಮೇಲೇ ಮೈಲೇಜ್ ಇಳಿಯಿತು, ಗಾಡಿ ಭಾರ ಅನಿಸುತ್ತದೆ"

ಇಲ್ಲಿ ಆಯಿಲ್ ಮೇಲೆ ಅನುಮಾನ ಪಡುವುದು ನ್ಯಾಯವೇ. ಎರಡು ಕಾರಣ ಇರಬಹುದು: ಜಾಸ್ತಿ ಹಾಕಿದ್ದಾರೆ, ಅಥವಾ ದಪ್ಪ ಹಾಕಿದ್ದಾರೆ.

ಮಟ್ಟ ನೋಡುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬೈಕ್ ಆದರೆ ಡಬಲ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಮಟ್ಟ ತಪ್ಪು ತೋರಿಸುತ್ತದೆ. ಇಂಜಿನ್ ಕೆಲವು ನಿಮಿಷ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗೆ ಇಳಿಯಲು ಐದು ನಿಮಿಷ ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಹೊರಗೆ ತೆಗೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಿ. ಬೈಕಿನಲ್ಲಿ ಒಂದು ಸೂಕ್ಷ್ಮ ಇದೆ: ಕೆಲವದರಲ್ಲಿ ಡಿಪ್‌ಸ್ಟಿಕ್ ತಿರುಗಿಸದೆ ಸುಮ್ನೆ ಕೂರಿಸಿ ನೋಡಬೇಕು, ಕೆಲವದರಲ್ಲಿ ಪೂರ್ತಿ ತಿರುಗಿಸಿ ನೋಡಬೇಕು. ತಪ್ಪು ವಿಧಾನದಲ್ಲಿ ನೋಡಿದರೆ ಸರಿ ಇರುವ ಮಟ್ಟವೂ ತಪ್ಪಾಗಿ ಕಾಣುತ್ತದೆ. ಗಾಡಿ ಜೊತೆ ಬಂದ ಮ್ಯಾನ್ಯುಯಲ್‌ನಲ್ಲಿ ಇದನ್ನು ಚಿತ್ರ ಸಮೇತ ಕೊಟ್ಟಿರುತ್ತಾರೆ.

ಆಯಿಲ್ ಗೆರೆ ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿದ್ದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನೇ ಕಡೆಯುತ್ತಾ ಇರುತ್ತವೆ. ಕೆಸರುಗದ್ದೆಯಲ್ಲಿ ನಡೆಯುವ ಹಾಗೆ, ಒಂದೊಂದು ಹೆಜ್ಜೆಗೂ ಶಕ್ತಿ ಸೋರುತ್ತದೆ. ಆಯಿಲ್ ನೊರೆಯಾಗುತ್ತದೆ, ನೊರೆಗೆ ಬೇರಿಂಗ್ ಕಾಪಾಡುವ ತಾಕತ್ತಿಲ್ಲ. ಸಣ್ಣ ಬೈಕುಗಳಲ್ಲಿ ಹಿಡಿಯುವುದೇ 800 ಮಿಲೀ ಇಂದ 1 ಲೀಟರ್. 800 ಮಿಲೀ ಸಾಕಾಗುವ ಇಂಜಿನ್ನಿಗೆ "ಡಬ್ಬಿಯಲ್ಲಿ ಉಳಿಸಿ ಏನು ಮಾಡೋದು" ಅಂತ ಪೂರ್ತಿ ಲೀಟರ್ ಸುರಿಯುವುದು ಬಹಳ ಕಡೆ ಅಭ್ಯಾಸ. ಜಾಸ್ತಿ ಆದದ್ದನ್ನು ತೆಗೆಸಿ. ತುಂಬಾ ಮೇಲೆ ಇದ್ದರೆ ತೆಗೆಸುವ ತನಕ ಓಡಿಸಬೇಡಿ.

ಮಟ್ಟ ಸರಿ ಇದ್ದರೆ ಗ್ರೇಡ್ ನೋಡಿ. ಬಿಲ್ಲಿನಲ್ಲಿ ಅಥವಾ ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-40 ಅಂತ ಬರೆದಿರುತ್ತದೆ. ಇಡೀ ಮೈಲೇಜ್ ಲೆಕ್ಕ ಇರುವುದು ಇಲ್ಲೇ.

ಎರಡನೇ ಅಂಕಿ ಇಂಜಿನ್ ಬಿಸಿಯಾದಾಗಿನ ದಪ್ಪ ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಗ್ರೇಡ್ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ, ಅಂಕಿ ಹೆಚ್ಚಿದಷ್ಟೂ ದಪ್ಪ) ಒಳಗಿರಬೇಕು, 30 ಗ್ರೇಡ್ 9.3ರಿಂದ 12.5, 40 ಗ್ರೇಡ್ 12.5ರಿಂದ 16.3. ಡಬ್ಬಿಯ ಮೇಲೆ ಮಿನರಲ್ (ಕಚ್ಚಾ ತೈಲವನ್ನು ಶುದ್ಧೀಕರಿಸಿ ಮಾಡಿದ ಸಾಧಾರಣ ಆಯಿಲ್) ಅಂತ ಇರಲಿ, ಸಿಂಥೆಟಿಕ್ ಅಂತ ಇರಲಿ, ಈ ಅಳತೆ ಒಂದೇ. ಅದಕ್ಕೇ ಮಿನರಲ್ 10ಡಬ್ಲ್ಯು-30 ಬಿಟ್ಟು ಸಿಂಥೆಟಿಕ್ 10ಡಬ್ಲ್ಯು-30 ಹಾಕಿಸಿದರೆ ಮೈಲೇಜ್ ಅಷ್ಟೇನೂ ಬದಲಾಗುವುದಿಲ್ಲ. ಆದರೆ 10ಡಬ್ಲ್ಯು-30 ಬೇಕಾದ ಗಾಡಿಗೆ ಯಾರೋ 20ಡಬ್ಲ್ಯು-50 ಸುರಿದಿದ್ದರೆ ಬದಲಾಗುತ್ತದೆ.

ಮೊದಲ ಅಂಕಿ ಚಳಿಯದ್ದು. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ, 20ಡಬ್ಲ್ಯು ಆಯಿಲನ್ನು ಮೈನಸ್ 15ರಲ್ಲಿ ಪರೀಕ್ಷೆ ಮಾಡುತ್ತಾರೆ. ಬೀದರಿನ ಜನವರಿ ಚಳಿಗೂ ಇದಕ್ಕೂ ಸಂಬಂಧವಿಲ್ಲ, ಹಾಗಾದರೆ ನಮಗೇಕೆ ಅಂತ ಕೇಳಬಹುದು. ಉಪಯೋಗ ಇದೆ. ಸಾಮಾನ್ಯ 20ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 130 ಸೆಂಟಿಸ್ಟೋಕ್ಸ್ ದಪ್ಪ ಇರುತ್ತದೆ, 0ಡಬ್ಲ್ಯು-20 ಸುಮಾರು 45. ಮನೆಯಿಂದ ಆಫೀಸಿಗೆ ಮೂರು ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯ ಆಯಿಲ್ 100 ಡಿಗ್ರಿ ಮುಟ್ಟುವುದೇ ಇಲ್ಲ. ಅದು ದಿನವೂ ದಪ್ಪ ಆಯಿಲಿನ ಜೊತೆ ಗುದ್ದಾಡುತ್ತದೆ. ಇಂಥ ಓಡಾಟದಲ್ಲೇ ತೆಳು ಸಿಂಥೆಟಿಕ್‌ನ ಲಾಭ ಹೆಚ್ಚು ಸಿಗುವುದು. 0ಡಬ್ಲ್ಯು-16, 0ಡಬ್ಲ್ಯು-20ಯಂಥ ಗ್ರೇಡುಗಳನ್ನು ಸಾಧಾರಣ ಮಿನರಲ್ ಎಣ್ಣೆಯಿಂದ ಮಾಡಲು ಬರುವುದೂ ಇಲ್ಲ.

ಹಾಗಂತ ಮ್ಯಾನ್ಯುಯಲ್‌ನಲ್ಲಿ ಇಲ್ಲದಷ್ಟು ತೆಳು ಹಾಕಿಸಬೇಡಿ. ಮಾರುತಿಯ ಹೊಸ ಪೆಟ್ರೋಲ್ ಇಂಜಿನ್ನುಗಳಿಗೆ 0ಡಬ್ಲ್ಯು-16 ಸರಿ, ಅವುಗಳ ಬೇರಿಂಗ್ ಸಂದು, ಆಯಿಲ್ ಪಂಪು ಅದಕ್ಕೆಂದೇ ಮಾಡಿದ್ದು. ರಾಯಲ್ ಎನ್‌ಫೀಲ್ಡ್ 350ಕ್ಕೆ ಕಂಪನಿ ಹೇಳುವುದು 15ಡಬ್ಲ್ಯು-50. ಕಾರಿನದ್ದು ಬುಲೆಟ್ಟಿಗೆ ಹಾಕಿ ಮೈಲೇಜ್ ಹುಡುಕಿದರೆ, ಉಳಿಸಿದ ಪೆಟ್ರೋಲ್ ದುಡ್ಡು ಇಂಜಿನ್ ಕೆಲಸಕ್ಕೆ ಸಾಲುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರೊಳಗೆ ಅತಿ ತೆಳುವಾದದ್ದನ್ನು ಆರಿಸಿ. ಮೈಲೇಜಿಗೆ ಆಯಿಲ್ ಆರಿಸುವುದು ಅಂದರೆ ನನ್ನ ಪ್ರಕಾರ ಇಷ್ಟೇ.

"ದುಬಾರಿ ಸಿಂಥೆಟಿಕ್ ಹಾಕಿಸಿದೆ, ಏನೂ ವ್ಯತ್ಯಾಸ ಇಲ್ಲ"

ಇದು ದೋಷ ಇಲ್ಲದೆಯೂ ಇರಬಹುದು. ಲೆಕ್ಕ ಹಾಕೋಣ. ಲೀಟರಿಗೆ 50 ಕೊಡುವ ಬೈಕ್ 6,000 ಕಿ.ಮೀ. ಓಡಿದರೆ 120 ಲೀಟರ್ ಕುಡಿಯುತ್ತದೆ. ಪೂರ್ತಿ 2% ಉಳಿದರೂ 2.4 ಲೀಟರ್, ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೆ 240 ರೂಪಾಯಿ. ಎರಡು ಡಬ್ಬಿಗಳ ಬೆಲೆಯ ಅಂತರ ಇದಕ್ಕಿಂತ ಜಾಸ್ತಿ ಇದ್ದರೆ ಪೆಟ್ರೋಲ್ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಲೀಟರಿಗೆ 16 ಕೊಡುವ ಕಾರು 10,000 ಕಿ.ಮೀ.ಗೆ 625 ಲೀಟರ್ ಸುಡುತ್ತದೆ. 2% ಅಂದರೆ 12.5 ಲೀಟರ್, 1,250 ರೂಪಾಯಿ. ಕಾರಿಗೆ ಸಾಮಾನ್ಯವಾಗಿ ಗಿಟ್ಟುತ್ತದೆ, ಸಣ್ಣ ಬೈಕಿಗೆ ಅನುಮಾನ.

ಬೈಕಿಗೆ ಸಿಂಥೆಟಿಕ್ ದಂಡ ಅಂತ ಇದರರ್ಥ ಅಲ್ಲ. ಶಿರಾಡಿ ಘಾಟಿ ಹತ್ತುವಾಗ, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಕಾಯುವಾಗ ಸಿಂಥೆಟಿಕ್ ಬೇಗ ಹದ ಕಳೆದುಕೊಳ್ಳುವುದಿಲ್ಲ, ಬೇಗ ಆವಿಯಾಗುವುದಿಲ್ಲ. ಆ ಕಾರಣಕ್ಕೆ ಹಾಕಿಸಿ. ಮೈಲೇಜ್ ಅದರ ಜೊತೆ ಬರುವ ಸಣ್ಣ ಲಾಭ.

ಮೈಲೇಜ್ ಹೆಚ್ಚಿಸುತ್ತದೆ ಅಂತ ಆಯಿಲಿಗೆ ಬೆರೆಸಲು ಕೊಡುವ ಚಿಕ್ಕ ಬಾಟಲಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಕಾದ ಮಿಶ್ರಣವೆಲ್ಲ ಒಳ್ಳೆಯ ಆಯಿಲ್‌ನಲ್ಲೇ ಅಳತೆ ಮಾಡಿ ಹಾಕಿರುತ್ತಾರೆ.

"ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ"

ಕ್ಲಚ್ ಜಾರುತ್ತಿದೆ. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಪೆಟ್ರೋಲ್ ಉರಿಯುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಮೈಲೇಜ್ ಧಡಕ್ಕನೆ ಬೀಳುತ್ತದೆ.

ಮೊದಲು ಕೇಬಲ್ ನೋಡಿ. ಕ್ಲಚ್ ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಸ್ವಲ್ಪವೂ ಇಲ್ಲದಿದ್ದರೆ ಕ್ಲಚ್ ಅರ್ಧ ಹಿಡಿದ ಹಾಗೇ ಇರುತ್ತದೆ. ಅಡ್ಜಸ್ಟ್ ಮಾಡಿದರೆ ಮುಗಿಯಿತು.

ಕೇಬಲ್ ಸರಿ ಇದೆ, ಜಾರುವುದು ಶುರುವಾದದ್ದು ಆಯಿಲ್ ಬದಲಿಸಿದ ಮೇಲೆ ಅಂದರೆ ಡಬ್ಬಿಯ ಹಿಂಬದಿ ಓದಿ. ಗೇರ್ ಬೈಕುಗಳಲ್ಲಿ ಬಹುತೇಕ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ನಲ್ಲಿ ಮೈಲೇಜಿಗಾಗಿ ಜಾರಿಕೆ ಹೆಚ್ಚಿಸುವ ವಸ್ತುಗಳನ್ನು ಬೆರೆಸಿರುತ್ತಾರೆ. ಅದೇ ಜಾರಿಕೆ ಪ್ಲೇಟುಗಳಿಗೆ ಶತ್ರು. ಬೈಕಿನ ಡಬ್ಬಿಯ ಮೇಲೆ ಜಾಸೋ (ಜಪಾನಿನ ವಾಹನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಎಂಬಿ ಅಂತ ಇದ್ದರೆ ಅದು ಒಣ ಕ್ಲಚ್ಚಿನ ಸ್ಕೂಟರ್‌ಗಳಿಗೆ. ಆಕ್ಟಿವಾದಂಥ ಗೇರಿಲ್ಲದ ಸ್ಕೂಟರಿಗೆ ಎಂಬಿ ಒಳ್ಳೆಯದೇ, ಅದರಲ್ಲಿ ಜಾರಿಕೆ ಮೈಲೇಜಿಗೆ ನೆರವಾಗುತ್ತದೆ. ಡಬ್ಬಿಯ ಮೇಲಿನ ಎಪಿಐ (ಅಮೆರಿಕದ ಆಯಿಲ್ ಗುಣಮಟ್ಟ ಸಂಸ್ಥೆ) ಗುಂಡು ಮುದ್ರೆಯ ಕೆಳಭಾಗದಲ್ಲಿ 'ಎನರ್ಜಿ ಕನ್ಸರ್ವಿಂಗ್' ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇದ್ದರೆ ಕಾರಿಗೆ ಅದು ಒಳ್ಳೆಯ ಗುರುತು, ಗೇರ್ ಬೈಕಿಗೆ ಬೇಡ.

ತಪ್ಪು ಆಯಿಲ್ ಹಾಕಿದ್ದು ಖಚಿತವಾದರೆ ಪೂರ್ತಿ ಇಳಿಸಿ ಎಂಎ2 ಹಾಕಿಸಿ, ಕೆಲವು ದಿನ ನಿಧಾನವಾಗಿ ಓಡಿಸಿ. ಬೇಗ ಗಮನಿಸಿದ್ದರೆ ಕ್ಲಚ್ ಹಿಡಿತ ಮರಳಬಹುದು. ಆಮೇಲೂ ಜಾರಿದರೆ ಪ್ಲೇಟ್ ಸುಟ್ಟಿದೆ, ಮೆಕ್ಯಾನಿಕ್ ಕೆಲಸ. ಜಾರುವ ಕ್ಲಚ್ ಇಟ್ಟುಕೊಂಡು ಘಾಟಿ ಹತ್ತಬೇಡಿ, ಲಾರಿಯನ್ನು ಓವರ್‌ಟೇಕ್ ಮಾಡಬೇಡಿ.

"ಆಯಿಲ್ ಕಮ್ಮಿ ಆಗ್ತಾ ಇದೆ"

ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಸಿಡಿ. ಬೆಳಗ್ಗೆ ಕಲೆ ಇದ್ದರೆ ಸೋರಿಕೆ. ಆಯಿಲ್ ಚೇಂಜ್ ಆದ ತಕ್ಷಣ ಸೋರಿದರೆ ಮೊದಲು ಡ್ರೇನ್ ಬೋಲ್ಟಿನ ವಾಷರ್ ಮೇಲೆ ಅನುಮಾನ; ಹಳೆಯದನ್ನೇ ಮತ್ತೆ ಹಾಕಿರುತ್ತಾರೆ. ವಾಷರ್ ಬೆಲೆ ಅತಿ ಕಮ್ಮಿ, ಪ್ರತಿ ಸಲ ಹೊಸದು ಹಾಕಿಸಿ. ಕಾರಿನಲ್ಲಿ ಆಯಿಲ್ ಫಿಲ್ಟರಿನ ಸುತ್ತಲೂ ನೋಡಿ. "ಸಿಂಥೆಟಿಕ್ ಹಾಕಿದರೆ ಸೋರುತ್ತದೆ" ಅನ್ನುವ ಮಾತಿದೆಯಲ್ಲ, ಹಳೆಯ ಇಂಜಿನ್‌ನಲ್ಲಿ ಕಪ್ಪು ಜಿಡ್ಡು ಮುಚ್ಚಿಟ್ಟಿದ್ದ ಸವೆದ ಸೀಲು ಬಯಲಾಗುವುದೇ ಬಹುಪಾಲು ಅದರ ಹಿಂದಿನ ಕಥೆ. ಸೀಲ್ ಬದಲಿಸಿ.

ಕಲೆ ಇಲ್ಲ, ಸೈಲೆನ್ಸರಿನಿಂದ ನೀಲಿ ಹೊಗೆ ಇದೆ ಅಂದರೆ ಆಯಿಲ್ ಒಳಗೇ ಸುಡುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬಂದು ನಿಂತರೆ ವಾಲ್ವ್ ಸೀಲ್. ಓಡಿಸುವಾಗ, ಎಳೆಯುವಾಗ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್. ದಪ್ಪ ಆಯಿಲ್ ಹಾಕಿ ಹೊಗೆ ಮುಚ್ಚಿಸಬಹುದು, ಕಾಯಿಲೆ ಒಳಗೇ ಉಳಿಯುತ್ತದೆ, ಮೈಲೇಜೂ ಹೋಗುತ್ತದೆ. ಇಲ್ಲಿಂದ ಮುಂದಕ್ಕೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡದ ಪರೀಕ್ಷೆ) ಮಾಡುವ ಗ್ಯಾರೇಜ್ ಬೇಕು.

"ಆಯಿಲ್ ಮಟ್ಟ ಏರಿದೆ!"

ತಾನಾಗಿ ಹೆಚ್ಚಾಗುವ ಆಯಿಲ್ ಒಳ್ಳೆಯ ಸುದ್ದಿ ಅಲ್ಲ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಸುಡದ ಪೆಟ್ರೋಲ್ ಆಯಿಲಿಗೆ ಇಳಿಯುತ್ತಿದೆ: ಕಾರ್ಬುರೇಟರ್ ಫ್ಲೋಟ್, ಸೋರುವ ಇಂಜೆಕ್ಟರ್, ಅಥವಾ ಬರೀ ಚಿಕ್ಕ ಚಿಕ್ಕ ಓಡಾಟ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಇನ್ನೊಂದು ಕಾರಣ ಇದೆ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಕೇಳುತ್ತದೆ. ಊರೊಳಗಿನ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೆ ನಿಂತಾಗ ಡೀಸೆಲ್ ಆಯಿಲಿಗೆ ಸೇರುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ ಓಡಿಸದೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಇಂಥ ಕಾರಿಗೆ ಮ್ಯಾನ್ಯುಯಲ್ ಹೇಳಿದ, ಬೂದಿ ಕಮ್ಮಿ ಬಿಡುವ ಆಯಿಲೇ ಬೇಕು. ಬೇರೆಯದು ಹಾಕಿದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ.

"ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದೆ"

ಮುಚ್ಚಳದ ಒಳಗೆ ಮಾತ್ರ ಕೆನೆಯಂತೆ ಅಂಟಿದ್ದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛ ಇದ್ದರೆ ಅದು ತೇವ. ಮಲೆನಾಡಿನ ಮಳೆಗಾಲದಲ್ಲಿ ಸಣ್ಣ ಓಡಾಟಕ್ಕೆ ಸಾಮಾನ್ಯ. ಒಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಇದ್ದರೆ ನೀರು ಅಥವಾ ಕೂಲೆಂಟ್ ಸೇರಿದೆ. ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ಯಾವ ಕಾರಣಕ್ಕೂ ತೆರೆಯಬೇಡಿ.

"ಕೆಂಪು ಆಯಿಲ್ ಲೈಟ್ ಬಂದಿದೆ", "ಕಟಕಟ ಸದ್ದು"

ಇಲ್ಲಿ ತಡ ಮಾಡುವ ಹಾಗಿಲ್ಲ. ಪಕ್ಕಕ್ಕೆ ತೆಗೆದುಕೊಂಡು ಇಂಜಿನ್ ಆಫ್ ಮಾಡಿ. "ಮುಂದಿನ ಬಂಕ್ ತನಕ" ಅಂತ ಓಡಿಸಬೇಡಿ. ಐದು ನಿಮಿಷ ಬಿಟ್ಟು ಮಟ್ಟ ನೋಡಿ. ಕಡಿಮೆ ಇದ್ದರೆ ಅದೇ ಗ್ರೇಡ್ ತುಂಬಿಸಿ. ಆ ಹೊತ್ತಿಗೆ ಸಿಕ್ಕಿದ್ದು ಬೇರೆ ಬ್ರ್ಯಾಂಡ್ ಆದರೂ ಪರವಾಗಿಲ್ಲ, ಆಯಿಲ್ ಇಲ್ಲದಿರುವುದಕ್ಕಿಂತ ಅದು ವಾಸಿ. ಮಟ್ಟ ಸರಿ ಇದ್ದೂ ಲೈಟ್ ಆರದಿದ್ದರೆ, ಅಥವಾ ಸದ್ದು ನಿಲ್ಲದಿದ್ದರೆ, ಟೋಯಿಂಗ್‌ಗೆ ಹೇಳಿ. ಸಾಧಾರಣ ಬೈಕುಗಳಲ್ಲಿ ಈ ಲೈಟೇ ಇರುವುದಿಲ್ಲ. ಅಲ್ಲಿ ಎಚ್ಚರಿಸುವುದು ಡಿಪ್‌ಸ್ಟಿಕ್ ಒಂದೇ, ತಿಂಗಳಿಗೆ ಎರಡು ಸಲವಾದರೂ ನೋಡಿ.

ಮನೆಯಲ್ಲೇ ಬದಲಿಸುವವರಿಗೆ, ಖರೀದಿಸುವವರಿಗೆ

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಸುಳಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಆಯಿಲ್ ಉಗುರುಬೆಚ್ಚಗೆ ಇರುವಾಗ ಇಳಿಸಿ, ಕುದಿಯುವಾಗ ಅಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. ಕೈಗವಸು ಹಾಕಿ, ಹಳೆಯ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ. ಅದನ್ನು ಚರಂಡಿಗೆ, ತೋಟಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಗ್ಯಾರೇಜಿನಲ್ಲಿ ಹಾಕಿಸುವುದಾದರೆ ಪಕ್ಕದಲ್ಲೇ ನಿಂತು "ಅಣ್ಣ, ಡಬ್ಬಿ ನನ್ನ ಮುಂದೇನೇ ಓಪನ್ ಮಾಡಿ" ಅನ್ನಿ. ಸೀಲಿನ ಉಂಗುರ ಮುರಿದಿರಬಾರದು, ಬ್ಯಾಚ್ ನಂಬರು ಮತ್ತು ತಯಾರಿಸಿದ ದಿನಾಂಕ ಅಳಿಸಿರಬಾರದು. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಖಾಲಿ ಡಬ್ಬಿಗೆ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ. ಬಿಟ್ಟು ಬರುವ ಮೊದಲು ಸ್ಕ್ರೂ ಡ್ರೈವರ್‌ನಿಂದ ಡಬ್ಬಿಯ ತಳಕ್ಕೆ ಒಂದು ತೂತು ಹಾಕಿ.